ಕ್ವಿಕ್ ಸಾರ್ಟ್ ಬಾಯಿಪಾಠ ಬರುತ್ತದೆ, ಅದು ಮಾಡುವ ಕೆಲಸ ಗೊತ್ತಿಲ್ಲ: ಅಲ್ಗಾರಿದಮ್ ಪಾಠ ನೀವು ಹೇಗೆ ಮಾಡುತ್ತೀರಿ?

ಹುಬ್ಬಳ್ಳಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕನೇ ಸೆಮ್‌ಗೆ ಅಲ್ಗಾರಿದಮ್ ಪಾಠ ಮಾಡುತ್ತೇನೆ. ಒಂಬತ್ತು ವರ್ಷ ಆಯಿತು. ಕಳೆದ ವಾರ ಲ್ಯಾಬ್ ಇಂಟರ್ನಲ್ಸ್ ಇತ್ತು. ಒಬ್ಬ ಹುಡುಗನಿಗೆ ಚೀಟಿಯಲ್ಲಿ ಕ್ವಿಕ್ ಸಾರ್ಟ್ ಬಂತು, ಅಂದರೆ ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಒಂದು ವಿಧಾನ. ಏಳೇ ನಿಮಿಷದಲ್ಲಿ ಪ್ರೋಗ್ರಾಂ ಬರೆದುಬಿಟ್ಟ. ಒಂದು ಸೆಮಿಕೋಲನ್ ಕೂಡ ತಪ್ಪಿರಲಿಲ್ಲ.

ವೈವಾದಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ಆಗಲೇ ಏರಿಕೆ ಕ್ರಮದಲ್ಲಿರುವ ಸಂಖ್ಯೆಗಳನ್ನೇ ಕೊಟ್ಟರೆ ನಿನ್ನ ಪ್ರೋಗ್ರಾಂ ಬೇಗ ಮುಗಿಯುತ್ತದೋ, ತಡ ಆಗುತ್ತದೋ?" ಅವನು "ಬೇಗ ಸರ್, ಎಲ್ಲ ಜೋಡಿಸಿಯೇ ಇದೆಯಲ್ಲ" ಅಂದ.

ಅವನು ಬರೆದಿದ್ದ ಪ್ರೋಗ್ರಾಂ ಮೊದಲನೇ ಸಂಖ್ಯೆಯನ್ನೇ ಪಿವಟ್ ಮಾಡಿಕೊಳ್ಳುತ್ತದೆ. ಪಿವಟ್‌ಗಿಂತ ಚಿಕ್ಕವು ಒಂದು ಕಡೆ, ದೊಡ್ಡವು ಇನ್ನೊಂದು ಕಡೆ, ಆಮೇಲೆ ಎರಡೂ ಕಡೆ ಮತ್ತೆ ಹಾಗೇ. ಜೋಡಿಸಿದ ಪಟ್ಟಿ ಕೊಟ್ಟರೆ ಪ್ರತಿ ಸಲವೂ ಒಂದು ಕಡೆ ಖಾಲಿ, ಉಳಿದದ್ದೆಲ್ಲ ಇನ್ನೊಂದು ಕಡೆ. 5000 ಸಂಖ್ಯೆಗಳಿಗೆ 1,24,97,500 ಹೋಲಿಕೆ ಬೇಕಾಗುತ್ತದೆ. ಅದೇ ಸಂಖ್ಯೆಗಳು ಕಲಸಿ ಹೋಗಿದ್ದರೆ ಸರಾಸರಿ 70 ಸಾವಿರದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೆ, ಬೋರ್ಡಿನ ಮೇಲೆ ಬರೆದೂ ಇದ್ದೆ. ಆ ಹುಡುಗ ಮುಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡವನೇ.

ಲ್ಯಾಬಿನಲ್ಲಿ 5000ಕ್ಕಿಂತ ಜಾಸ್ತಿ ಸಂಖ್ಯೆ ಕೊಟ್ಟು ಓಡಿಸಿ, ಹಿಡಿದ ಸಮಯ ಬರೆದುಕೊಂಡು ಗ್ರಾಫ್ ಹಾಕಬೇಕು ಎಂದಿದೆ. ಬಹಳ ಮಕ್ಕಳು ಸೀನಿಯರ್‌ಗಳ ರೆಕಾರ್ಡ್ ನೋಡಿ ಗ್ರಾಫನ್ನು ಹಿಂದಿನ ದಿನವೇ ಹಾಕಿಕೊಂಡು ಬರುತ್ತಾರೆ. ಬೈದು ನೋಡಿದೆ, ಮಾರ್ಕ್ಸ್ ಕಡಿಮೆ ಮಾಡಿ ನೋಡಿದೆ. ಅದರಿಂದ ಏನೂ ಬದಲಾಗಲಿಲ್ಲ. ನೀವು ಹೇಗೆ ಕಲಿಸುತ್ತೀರಿ? ಕಲಿಯುವಾಗ ನಿಮಗೆ ಯಾವಾಗ ಅರ್ಥವಾಯಿತು? ದಯವಿಟ್ಟು ಹೇಳಿ.

ನಾಲ್ಕನೇ ಸೆಮ್:

ಸರ್, ನಾನು ಬೇರೆ ಕಾಲೇಜಿನವಳು. ನಾನೂ ಬಾಯಿಪಾಠ ಮಾಡುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಇಂಗ್ಲಿಷ್ ಈಗ ಕಷ್ಟ ಇಲ್ಲ. ಆದರೆ ನಮ್ಮಲ್ಲಿ ಕ್ಲಾಸ್ ಶುರುವಾಗುವುದೇ ಬೋರ್ಡಿನ ಮೇಲಿನ ಕೋಡ್‌ನಿಂದ. ಪಿವಟ್, ಪಾರ್ಟಿಶನ್, ಐ, ಜೆ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಇದು ಯಾರಿಗೆ ಬೇಕಾಗಿತ್ತು, ಯಾವ ತೊಂದರೆ ಆಗಿತ್ತು ಅಂತ ಗೊತ್ತಾಗುವ ಮೊದಲೇ ಉತ್ತರ ಬಂದಿರುತ್ತದೆ. ಹನ್ನೆರಡು ಪ್ರೋಗ್ರಾಂ ಇವೆ, ಚೀಟಿಯಲ್ಲಿ ಯಾವುದು ಬರುತ್ತದೋ ಗೊತ್ತಿಲ್ಲ. ಅರ್ಥ ಮಾಡಿಕೊಂಡರೆ ಸಿಗುವುದೂ ಅಷ್ಟೇ ಮಾರ್ಕ್ಸ್, ಬಾಯಿಪಾಠ ಮಾಡಿದರೂ ಅಷ್ಟೇ ಮಾರ್ಕ್ಸ್. ಬಾಯಿಪಾಠ ಮಾಡಿದರೆ ಭಯ ಕಡಿಮೆ.

ನನ್ನದು ಒಂದೇ ಬೇಡಿಕೆ ಸರ್. ಮೊದಲು ನಮಗೆ ತೊಂದರೆ ಕೊಡಿ, ಉತ್ತರ ಆಮೇಲೆ ಕೊಡಿ.

ಕೋಡು ಕೆಲಸ, ಬೆಂಗಳೂರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಒಂದು ದಿನವೂ ಕ್ವಿಕ್ ಸಾರ್ಟ್ ಕೈಯಾರೆ ಬರೆದಿಲ್ಲ. ಎಲ್ಲ ಭಾಷೆಯಲ್ಲೂ ಸಾರ್ಟ್ ರೆಡಿ ಇದೆ. ಪೈಥಾನ್‌ನಲ್ಲಿ ಬಹಳ ಕಾಲ ಇದ್ದದ್ದು ಟಿಮ್ ಪೀಟರ್ಸ್ 2002ರಲ್ಲಿ ಬರೆದ ಟಿಮ್‌ಸಾರ್ಟ್. ಅದು ಪಾಠದ ಯಾವ ಸಾರ್ಟಿಗೂ ಪೂರ್ತಿ ಹೊಂದುವುದಿಲ್ಲ. ಮರ್ಜ್ ಸಾರ್ಟ್ ಮತ್ತು ಇನ್ಸರ್ಶನ್ ಸಾರ್ಟ್ ಎರಡನ್ನೂ ಸೇರಿಸಿ ಮಾಡಿದ್ದು. ಹಾಗಾದರೆ ಹನ್ನೆರಡು ಪ್ರೋಗ್ರಾಂ ಯಾಕೆ ಬೇಕು?

ಆದರೆ ಎಣಿಸುವುದು ಬೇಕೇ ಬೇಕು. ಹಿಂದೆ ಒಂದು ಕಂಪನಿಯಲ್ಲಿ ರಾತ್ರಿ ಓಡುವ ಪ್ರೋಗ್ರಾಂ ಬೆಳಗಾದರೂ ಮುಗಿಯುತ್ತಿರಲಿಲ್ಲ. ಎರಡು ಪಟ್ಟಿ ತಾಳೆ ನೋಡುವ ಕೆಲಸ. ಒಂದೊಂದರಲ್ಲೂ ಸುಮಾರು ಎರಡು ಲಕ್ಷ ಹೆಸರು. ಲೂಪಿನೊಳಗೆ ಲೂಪ್ ಹಾಕಿದ್ದರು. ಎರಡು ಲಕ್ಷವನ್ನು ಎರಡು ಲಕ್ಷದಿಂದ ಗುಣಿಸಿ, 4000 ಕೋಟಿ ಆಗುತ್ತದೆ. ಬರೆದವರು ಪರೀಕ್ಷೆ ಮಾಡಿದ್ದು ನೂರು ಹೆಸರಿನಲ್ಲಿ, ಆಗ ಹತ್ತೇ ಸಾವಿರ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಪಟ್ಟಿಯನ್ನು ಹ್ಯಾಶ್ ಟೇಬಲ್‌ಗೆ (ಪಟ್ಟಿಯನ್ನೆಲ್ಲ ನೋಡದೆ ಬೇಕಾದ ಹೆಸರನ್ನು ನೇರವಾಗಿ ಹುಡುಕುವ ವ್ಯವಸ್ಥೆ) ತುಂಬಿ, ಇನ್ನೊಂದನ್ನು ಅದರಲ್ಲಿ ಹುಡುಕಿದೆವು. ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಪಟ್ಟಿ ಹತ್ತು ಪಟ್ಟು ಬೆಳೆದರೆ ಕೆಲಸ ಎಷ್ಟು ಪಟ್ಟು ಬೆಳೆಯುತ್ತದೆ? ಈ ಪ್ರಶ್ನೆ ಕೇಳುವ ಅಭ್ಯಾಸ ಇದ್ದರೆ ಸಾಕು, ಉಳಿದದ್ದನ್ನು ಕೆಲಸದಲ್ಲಿ ಕಲಿಯುತ್ತಾರೆ.

ಲೆಕ್ಕದ ಮೇಡಂ, ಮೈಸೂರು:

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಕ್ವಿಕ್ ಸಾರ್ಟನ್ನು ಕಲಿಸುವುದು ನಾಳೆ ಅದನ್ನು ಬರೆಯಲಿ ಅಂತ ಅಲ್ಲ. ಒಬ್ಬ ಮನುಷ್ಯ ಅದನ್ನು ಹೇಗೆ ಯೋಚಿಸಿದ ಅಂತ ಮಕ್ಕಳು ನೋಡಲಿ ಅಂತ.

ಆ ಹುಡುಗಿ ಹೇಳಿದ "ಮೊದಲು ತೊಂದರೆ ಕೊಡಿ" ಅನ್ನುವುದು ಕ್ವಿಕ್ ಸಾರ್ಟಿನ ಕಥೆಯಲ್ಲೇ ಇದೆ. ಅದನ್ನು ಕಂಡುಹಿಡಿದ ಟೋನಿ ಹೋರ್ ಹುಟ್ಟಿದ್ದು ಕೊಲಂಬೊದಲ್ಲಿ. 1959-60ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ರಷ್ಯನ್ ವಾಕ್ಯವನ್ನು ಕಂಪ್ಯೂಟರ್‌ನಿಂದ ಇಂಗ್ಲಿಷಿಗೆ ತರುವ ಕೆಲಸ. ನಿಘಂಟು ಇದ್ದದ್ದು ಮ್ಯಾಗ್ನೆಟಿಕ್ ಟೇಪಿನಲ್ಲಿ, ಅಕಾರಾದಿಯಾಗಿ. ಟೇಪನ್ನು ಒಂದೊಂದು ಪದಕ್ಕೂ ಹಿಂದೆ ಮುಂದೆ ಸುತ್ತಿದರೆ ಮುಗಿಯುವುದು ಯಾವಾಗ? ವಾಕ್ಯದ ಪದಗಳನ್ನೇ ಮೊದಲು ಅಕಾರಾದಿಯಾಗಿ ಜೋಡಿಸಿಕೊಂಡರೆ ಟೇಪು ಒಂದೇ ಸಲ ಓಡಿದರೆ ಸಾಕು. ಹಾಗೆ ಸಾರ್ಟ್ ಬೇಕಾಯಿತು. ಮೊದಲು ಹೊಳೆದದ್ದು ಬಬಲ್ ಸಾರ್ಟಿನಂಥ ದಾರಿ. ಅದು ನಿಧಾನ ಅಂತ ಕಂಡ ಮೇಲೆ ಹೊಳೆದದ್ದು ಇದು.

ಇನ್ನೂ ಒಂದು ವಿಷಯ ಮಕ್ಕಳಿಗೆ ಖಂಡಿತ ಹೇಳಬೇಕು. ಎರಡು ಭಾಗ ಮಾಡಿದ ಮೇಲೆ ಉಳಿದ ತುಂಡುಗಳನ್ನು ಏನು ಮಾಡುವುದು ಅಂತ ಬರೆದು ತೋರಿಸುವುದು ಹೋರ್ ಅವರಿಗೇ ಕಷ್ಟವಾಗಿತ್ತು. 1961ರಲ್ಲಿ ಬ್ರೈಟನ್‌ನಲ್ಲಿ ಆಲ್ಗಾಲ್ 60 ಭಾಷೆಯ ತರಗತಿಗೆ ಹೋಗಿ ರಿಕರ್ಶನ್, ಅಂದರೆ ಪ್ರೋಗ್ರಾಂ ತನ್ನನ್ನು ತಾನೇ ಕರೆಯುವುದು, ಕಲಿತ ಮೇಲೆ ಅದು ಸಲೀಸಾಯಿತು. ರಿಕರ್ಶನ್ ತಲೆಗೆ ಹತ್ತುತ್ತಿಲ್ಲ ಅಂತ ಅಳುವ ಮಕ್ಕಳಿಗೆ ಈ ಕಥೆ ಹೇಳಿ ಸರ್. ನಾನು ಹೇಳುತ್ತೇನೆ. ಮುಖ ಅರಳುತ್ತದೆ.

ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳುವವಳು. ಕಂಪ್ಯೂಟರ್ ಇಲ್ಲದೆಯೇ ಅಲ್ಗಾರಿದಮ್ ಕಲಿಸುತ್ತೇನೆ. 47 ಸಲ 52 ಗುಣಿಸಿ ಅನ್ನುತ್ತೇನೆ. ನಾವು ಕಲಿತ ದಾರಿಯಲ್ಲಿ ನಾಲ್ಕು ಗುಣಾಕಾರ ಬೇಕು. ಮೂರರಲ್ಲಿ ಮಾಡಿ ಅನ್ನುತ್ತೇನೆ. ಒಂದು ಪೀರಿಯಡ್ ಪೂರ್ತಿ ಒದ್ದಾಡುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಕೊನೆಗೆ ಯಾರೋ ಒಬ್ಬರು ಹತ್ತಿರ ಬರುತ್ತಾರೆ. 4 ಸಲ 5, 20. 7 ಸಲ 2, 14. ಆಮೇಲೆ 4 ಮತ್ತು 7 ಕೂಡಿ 11, 5 ಮತ್ತು 2 ಕೂಡಿ 7. 11 ಸಲ 7, 77. ಅದರಲ್ಲಿ 20 ಮತ್ತು 14 ಕಳೆದರೆ 43. ಈಗ 2000, 430, 14 ಕೂಡಿಸಿ. 2444.

1960ರಲ್ಲಿ ಮಾಸ್ಕೋದಲ್ಲಿ ಕೋಲ್ಮೊಗೊರೊವ್ ಅವರಂಥ ದೊಡ್ಡ ಗಣಿತಜ್ಞರು, ಗುಣಾಕಾರಕ್ಕೆ ಶಾಲೆಯ ದಾರಿಗಿಂತ ವೇಗದ ದಾರಿ ಇರಲಾರದು ಎಂಬ ಊಹೆಯನ್ನು ತಮ್ಮ ಸೆಮಿನಾರಿನಲ್ಲಿ ಮುಂದಿಟ್ಟರು. 23 ವರ್ಷದ ಕರತ್ಸೂಬಾ ಒಂದೇ ವಾರದಲ್ಲಿ ಈ ದಾರಿ ತಂದು ತೋರಿಸಿದರು. ಎರಡಂಕಿಯಲ್ಲಿ ಇದರಿಂದ ದೊಡ್ಡ ಲಾಭ ಕಾಣುವುದಿಲ್ಲ. ಸಾವಿರ ಅಂಕಿಯ ಸಂಖ್ಯೆಯನ್ನು ಅರ್ಧ ಅರ್ಧ ಮಾಡುತ್ತಾ ಹೋದರೆ, ಪ್ರತಿ ಹಂತದಲ್ಲೂ ನಾಲ್ಕರ ಬದಲು ಮೂರು. ಆ ಉಳಿತಾಯ ಬೆಳೆಯುತ್ತಾ ಹೋಗುತ್ತದೆ.

ನಾಲ್ಕನೇ ಸೆಮ್:

ಮೇಡಂ, ಇದನ್ನು ಈಗಷ್ಟೇ ಪೇಪರಿನಲ್ಲಿ 83 ಸಲ 61ಕ್ಕೆ ಮಾಡಿದೆ. ಬಂತು!! ಡಿವೈಡ್ ಅಂಡ್ ಕಾಂಕರ್ (ತುಂಡು ಮಾಡಿ ಬಿಡಿಸುವುದು) ಅಂತ ಪರೀಕ್ಷೆಗೆ ಬರೆದಿದ್ದೆ, ಇದೇ ಅದು ಅಂತ ಗೊತ್ತಿರಲಿಲ್ಲ.

ಕನ್ನಡ ಮೇಷ್ಟ್ರು, ತೀರ್ಥಹಳ್ಳಿ:

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ಇಲ್ಲಿ ಬರೆಯಬಹುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನನ್ನ ಮಗಳು ಕಂಪ್ಯೂಟರ್ ಸೈನ್ಸ್ ಓದುತ್ತಾಳೆ. ರಜೆಗೆ ಬಂದವಳು ಡೈನಮಿಕ್ ಪ್ರೋಗ್ರಾಮಿಂಗ್ ಅರ್ಥವಾಗುತ್ತಿಲ್ಲ ಅಂತ ಕೂತಿದ್ದಳು. ಏನಮ್ಮಾ ಅದು ಅಂತ ಕೇಳಿದೆ. ಚಿಕ್ಕ ಲೆಕ್ಕಗಳ ಉತ್ತರ ಬರೆದಿಟ್ಟುಕೊಂಡು ಅದರಿಂದ ದೊಡ್ಡದನ್ನು ಬಿಡಿಸುವುದು ಅಂತ ಹೇಳಿದಳು. ಅದು ನಾವು ಛಂದಸ್ಸಿನಲ್ಲಿ ಮಾಡುವ ಪ್ರಸ್ತಾರವೇ, ಅಂದರೆ ಲಘು ಗುರುಗಳ ಎಲ್ಲ ಬಗೆಯನ್ನೂ ಬರೆದು ನೋಡುವುದೇ, ಅಂತ ನನಗೆ ಅನ್ನಿಸಿತು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪ್ರಥಮ ಭಾಷೆಯಾಗಿ ಓದಿದ ಪ್ರತಿ ಮಗುವಿಗೂ ಇದು ಗೊತ್ತು. ಈಗ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಮಕ್ಕಳು ಬರೆಯುತ್ತಾರೆ. ನಾಲ್ಕೂ ಲಘು. ಮೊದಲು ಗುರು, ಆಮೇಲೆ ಎರಡು ಲಘು. ನಡುವೆ ಗುರು. ಕೊನೆಗೆ ಗುರು. ಎರಡೂ ಗುರು. ಒಟ್ಟು ಐದು. ಐದು ಮಾತ್ರೆಗೆ? ಒಬ್ಬ ಏಳು ಅನ್ನುತ್ತಾನೆ, ಇನ್ನೊಬ್ಬ ಒಂಬತ್ತು. ಬರೆದು ಎಣಿಸುವುದರಲ್ಲಿ ತಪ್ಪುತ್ತದೆ.

ಆಗ ಕೊನೆಯ ಅಕ್ಷರ ನೋಡಿ ಅನ್ನುತ್ತೇನೆ. ಅದು ಲಘುವಾದರೆ ಮುಂಚೆ ಇರುವುದು ನಾಲ್ಕು ಮಾತ್ರೆ, ಅದು ಐದು ಬಗೆ ಅಂತ ಆಗಲೇ ಗೊತ್ತು. ಗುರುವಾದರೆ ಮುಂಚೆ ಇರುವುದು ಮೂರು ಮಾತ್ರೆ, ಅದು ಮೂರು ಬಗೆ. ಐದು ಮತ್ತು ಮೂರು, ಎಂಟು. ಆರಕ್ಕೆ ಎಂಟು ಮತ್ತು ಐದು, ಹದಿಮೂರು. ಹಿಂದಿನ ಎರಡು ಉತ್ತರ ಬರೆದಿಟ್ಟುಕೊಂಡರೆ ಮುಂದಿನದು ಒಂದು ಕೂಡಿಕೆ ಅಷ್ಟೇ. ಇದಕ್ಕೆ ಫಿಬೊನಾಚಿ ಸಂಖ್ಯೆ ಅನ್ನುತ್ತಾರೆ ಅಂತ ಮಗಳು ಹೇಳಿದಳು. ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರ ಛಂದಸ್ಸು ಬರೆಯುವಾಗ ಇದೇ ಲೆಕ್ಕ ಹೇಳಿದ್ದಾರೆ. ಅವರಿಗೂ ಬೇಕಾಗಿದ್ದದ್ದು ಇದೇ, ಇಷ್ಟು ಮಾತ್ರೆಗೆ ಎಷ್ಟು ಬಗೆ ಅಂತ.

ಆಮೇಲೆ ಅವಳೇ ಅದನ್ನು ಲ್ಯಾಪ್‌ಟಾಪಿನಲ್ಲಿ ಎರಡು ಥರ ಬರೆದಳು. ನೆನಪಿಟ್ಟುಕೊಳ್ಳದೆ ಪ್ರತಿ ಸಲ ಮೊದಲಿನಿಂದ ಕೇಳುವುದು ಒಂದು. 40 ಮಾತ್ರೆಗೆ ಅದು ತನ್ನನ್ನು ತಾನೇ 33,11,60,281 ಸಲ ಕರೆದುಕೊಂಡಿತು. ಬರೆದಿಟ್ಟುಕೊಳ್ಳುವುದು ಇನ್ನೊಂದು. ಅದಕ್ಕೆ 39 ಕೂಡಿಕೆ ಸಾಕಾಯಿತು. ಎರಡಕ್ಕೂ ಉತ್ತರ ಒಂದೇ. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಕಂದ ಪದ್ಯದಲ್ಲಿ ಎಲ್ಲ ಗಣವೂ ನಾಲ್ಕು ಮಾತ್ರೆಯದು. ಅರ್ಧ ಪದ್ಯಕ್ಕೆ ಎಂಟು ಗಣ. ಬೆಸ ಸ್ಥಾನದಲ್ಲಿ ಜಗಣ, ಅಂದರೆ ನಡುವೆ ಗುರು ಇರುವ ಗಣ, ಬರಬಾರದು. ನಿಯಮ ನೋಡದೆ ಎಲ್ಲ ಬಗೆಯನ್ನೂ ಬರೆದರೆ ಅರ್ಧ ಪದ್ಯಕ್ಕೇ 3,90,625 ಆಗುತ್ತದೆ. ಎಲ್ಲ ಬರೆದು ಆಮೇಲೆ ತಪ್ಪು ಹುಡುಕುತ್ತೀರಾ? ಮೊದಲನೇ ಗಣದಲ್ಲೇ ಜಗಣ ಬಂದರೆ ಅಲ್ಲೇ ನಿಲ್ಲಿಸಬೇಕು. ಅದರ ಮುಂದಿನ 78,125 ಬರೆಯುವುದೇ ಬೇಡ. ಮಗಳು ಇದಕ್ಕೆ ಬ್ಯಾಕ್‌ಟ್ರ್ಯಾಕಿಂಗ್ ಅಂದಳು. ಪದ್ಯ ಕಟ್ಟುವವರು ಇದನ್ನು ಸುಮ್ನೆ ಮಾಡುತ್ತಲೇ ಇರುತ್ತಾರೆ.

ನಮ್ಮಲ್ಲಿ 12ನೇ ಶತಮಾನದಲ್ಲೇ ರಾಜಾದಿತ್ಯ ಲೆಕ್ಕವನ್ನು ಕನ್ನಡ ಪದ್ಯದಲ್ಲಿ ಬರೆದ. ಕನ್ನಡದಲ್ಲಿ ಕಲಿತ ಮಕ್ಕಳಿಗೆ ಅಲ್ಗಾರಿದಮ್ ಹೊಸದು ಅಂತ ನನಗೆ ಅನ್ನಿಸುವುದಿಲ್ಲ. ಅವರಿಗೆ ಗೊತ್ತಿರುವ ಕಡೆಯಿಂದ ಕರೆದುಕೊಂಡು ಹೋಗುವವರು ಬೇಕು.

ಹುಬ್ಬಳ್ಳಿ ಮೇಷ್ಟ್ರು:

ಸರ್, ಇದನ್ನು ಮೂರು ಸಲ ಓದಿದೆ. ಒಂಬತ್ತು ವರ್ಷದಿಂದ ಬ್ಯಾಕ್‌ಟ್ರ್ಯಾಕಿಂಗಿಗೆ ಚದುರಂಗದ ರಾಣಿಯರನ್ನೇ, ಒಬ್ಬರನ್ನೊಬ್ಬರು ಹೊಡೆಯದ ಹಾಗೆ ಮಣೆಯ ಮೇಲೆ ಕೂರಿಸುವ ಒಗಟನ್ನೇ, ಹಿಡಿದುಕೊಂಡಿದ್ದೇನೆ. ನಮ್ಮ ಕ್ಲಾಸಿನ ಬಹಳ ಮಕ್ಕಳು ಚದುರಂಗ ಆಡಿದವರೇ ಅಲ್ಲ. ಲಘು ಗುರು ಎಲ್ಲರಿಗೂ ಗೊತ್ತು. ಇದು ನನಗೆ ಯಾಕೆ ಹೊಳೆಯಲಿಲ್ಲವೋ.

ನಿಘಂಟು ಕೆಲಸಗಾರ:

ಕನ್ನಡ ಪದಪಟ್ಟಿಗಳ ಮೇಲೆ ಕೆಲಸ ಮಾಡುತ್ತೇನೆ. ಲ್ಯಾಬಿಗೆ ಒಂದು ಒಳ್ಳೆಯ ಅಭ್ಯಾಸ ಇದೆ. ಮಕ್ಕಳಿಗೆ ನಾಲ್ಕು ಪದ ಕೊಡಿ: ಬಳೆ, ಬಸವ, ಬವಣೆ, ಬಹಳ. ಪ್ರೋಗ್ರಾಂನಲ್ಲಿ ಸಾರ್ಟ್ ಮಾಡಿ ಅನ್ನಿ. ಬಳೆ, ಬವಣೆ, ಬಸವ, ಬಹಳ ಅಂತ ಬರುತ್ತದೆ. ನಿಘಂಟಿನಲ್ಲಿ ಬಳೆ ಎಲ್ಲಿರಬೇಕು? ಕೊನೆಗೆ. ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ ಳ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಟ್ಟಿರುವ ಯೂನಿಕೋಡ್‌ನಲ್ಲಿ ಳ ಕುಳಿತಿರುವುದು ಲ ಪಕ್ಕದಲ್ಲಿ, ವ ಗಿಂತ ಮುಂಚೆ. ಕಂಪ್ಯೂಟರ್ ಬರೀ ಆ ನಂಬರ್ ನೋಡಿ ಜೋಡಿಸಿದೆ.

ಇಲ್ಲಿ ಸಾರ್ಟ್ ಮಾಡುವ ವಿಧಾನ ತಪ್ಪಿಲ್ಲ. ಯಾವುದು ಮೊದಲು ಅಂತ ಹೋಲಿಸುವ ಭಾಗ ನಮ್ಮದಲ್ಲ, ಅಷ್ಟೇ. ಅದನ್ನು ಬೇರೆ ಮಾಡಿ ತಾವೇ ಬರೆಯಬೇಕು ಅಂತ ಮಕ್ಕಳಿಗೆ ಒಂದೇ ಏಟಿಗೆ ಗೊತ್ತಾಗುತ್ತದೆ. ತಪ್ಪು ಕಣ್ಣಿಗೆ ಕಾಣುತ್ತದೆ, ಅದೂ ತಮ್ಮ ಭಾಷೆಯಲ್ಲಿ.

ಬೈನರಿ ಸರ್ಚ್ ಬಗ್ಗೆಯೂ ಒಂದು ಮಾತು, ಜೋಡಿಸಿದ ಪಟ್ಟಿಯ ನಡುವೆ ನೋಡಿ ಪ್ರತಿ ಸಲ ಅರ್ಧ ಬಿಟ್ಟು ಹುಡುಕುವ ವಿಧಾನ ಅದು. "ಇದು ಸುಲಭ ಸರ್" ಅನ್ನುವ ಮಕ್ಕಳಿಗೆ ಹೇಳಿ. ಇದು ಮೊದಲು ಬರಹದಲ್ಲಿ ಬಂದದ್ದು 1946ರಲ್ಲಿ. ಜಾವಾದ ಲೈಬ್ರರಿಯಲ್ಲೇ ಇದ್ದ ಬೈನರಿ ಸರ್ಚ್‌ನಲ್ಲಿ ತಪ್ಪಿದೆ ಅಂತ ಜೋಶುವಾ ಬ್ಲಾಕ್ ಬರೆದದ್ದು 2006ರಲ್ಲಿ. ಆ ಕೋಡ್ ಬರೆದವರೂ ಅವರೇ. ಎರಡು ತುದಿ ಕೂಡಿಸಿ ಎರಡರಿಂದ ಭಾಗಿಸುವ ಸಾಲು. ಪಟ್ಟಿ ಬಹಳ ದೊಡ್ಡದಾದರೆ ಆ ಮೊತ್ತ 2,14,74,83,647 ದಾಟುತ್ತದೆ, ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದೇ, ದಾಟಿದರೆ ಸಂಖ್ಯೆ ಋಣವಾಗಿಬಿಡುತ್ತದೆ. ಕೆಳತುದಿಗೆ ಅಂತರದ ಅರ್ಧ ಕೂಡಿಸಿದರೆ ಸರಿ. ತಮ್ಮ ತಪ್ಪನ್ನು ತಾವೇ ಎಲ್ಲರ ಮುಂದೆ ಹೇಳಿದ ಆ ದೊಡ್ಡತನ ನನಗೆ ಬಹಳ ಇಷ್ಟ.

ಹುಬ್ಬಳ್ಳಿ ಮೇಷ್ಟ್ರು (ಮೂರು ವಾರದ ನಂತರ):

ಮಾಡಿ ನೋಡಿದೆ. ಹೇಳಲೇಬೇಕು ಅನ್ನಿಸಿತು.

ಕ್ಲಾಸಿನ ಹೊರಗೆ ಕಾರಿಡಾರಿನಲ್ಲಿ 16 ಮಕ್ಕಳನ್ನು ನಿಲ್ಲಿಸಿದೆ. ಒಬ್ಬೊಬ್ಬರ ಕೈಗೂ ಒಂದು ಚೀಟಿ, ಅದರಲ್ಲಿ ಒಂದು ಸಂಖ್ಯೆ. ಯಾರಿಗೂ ತೋರಿಸುವಂತಿಲ್ಲ. ಒಬ್ಬ ತಕ್ಕಡಿ. ಇಬ್ಬರು ಅವನ ಹತ್ತಿರ ಹೋಗಿ ಚೀಟಿ ತೋರಿಸಿದರೆ ಯಾರದು ದೊಡ್ಡದು ಅಂತ ಅಷ್ಟೇ ಹೇಳುತ್ತಾನೆ. ಇನ್ನೊಬ್ಬಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ, ಒಂದು ಹೋಲಿಕೆಗೆ ಒಂದು ಗೆರೆ. ತಕ್ಕಡಿ ಮಾಡಿದ್ದು ವೈವಾದಲ್ಲಿ "ಬೇಗ ಸರ್" ಅಂದಿದ್ದ ಹುಡುಗನನ್ನೇ. ಯಾವ ಅಲ್ಗಾರಿದಮ್ಮಿನ ಹೆಸರನ್ನೂ ನಾನು ಹೇಳಲಿಲ್ಲ. ಸಾಲಾಗಿ ನಿಲ್ಲಿ, ಅಷ್ಟೇ.

ಮೊದಲ ಸಲ ಎಲ್ಲರಲ್ಲೂ ಚಿಕ್ಕವನನ್ನು ಹುಡುಕಿ ಮುಂದೆ ನಿಲ್ಲಿಸಿದರು, ಆಮೇಲೆ ಉಳಿದವರಲ್ಲಿ ಚಿಕ್ಕವನನ್ನು. 120 ಗೆರೆ. ಚೀಟಿ ಕಲಸಿ ಮತ್ತೆ ಹಂಚಿದೆ. ಒಬ್ಬ ಹುಡುಗಿ, ಇಬ್ಬಿಬ್ಬರು ಮೊದಲು ಜೋಡಿಯಾಗೋಣ, ಆಮೇಲೆ ಎರಡು ಜೋಡಿ ಸೇರಿಸೋಣ ಅಂದಳು. 46 ಗೆರೆ. ಮರ್ಜ್ ಸಾರ್ಟ್ ಅಂತ ಪುಸ್ತಕದಲ್ಲಿದೆ ಅಂತ ಅವಳಿಗೆ ನೆನಪಿಲ್ಲ. ನಾನೂ ಹೇಳಲಿಲ್ಲ. ಮೂರನೇ ಸಲ ನಾನೇ ಒಂದು ದಾರಿ ಕೊಟ್ಟೆ: ಮೊದಲು ನಿಂತವನನ್ನು ಬಿಟ್ಟು ಉಳಿದವರೆಲ್ಲ ಅವನಿಗಿಂತ ಚಿಕ್ಕವರು ಎಡಕ್ಕೆ, ದೊಡ್ಡವರು ಬಲಕ್ಕೆ. 53.

ಈಗ ಎಲ್ಲರೂ ಸರಿಯಾಗಿ ಸಾಲಾಗಿದ್ದಾರಲ್ಲ, ಹಾಗೇ ಇನ್ನೊಮ್ಮೆ ಇದೇ ಆಟ ಆಡೋಣ ಅಂದೆ. ಮೊದಲನೆಯವನ ಎಡಕ್ಕೆ ಯಾರೂ ಬರಲಿಲ್ಲ. ಎರಡನೆಯವನ ಎಡಕ್ಕೂ ಯಾರೂ ಇಲ್ಲ. ಐದನೆಯವನಿಗೆ ಬರುವ ಹೊತ್ತಿಗೆ ತಕ್ಕಡಿ ಹುಡುಗ ನನ್ನ ಮುಖ ನೋಡಿದ. "ಸರ್, ಇದು 120 ಆಗುತ್ತದೆ" ಅಂದ. ಯಾಕೋ ಅಂತ ಕೇಳಿದೆ. "ಹದಿನೈದು, ಹದಿನಾಲ್ಕು, ಹದಿಮೂರು... ಒಬ್ಬೊಬ್ಬರೇ ಹೋಗುತ್ತಿದ್ದಾರೆ ಸರ್. ಮೊದಲ ಆಟದ ಹಾಗೇ." ಸ್ವಲ್ಪ ಸುಮ್ಮನಿದ್ದು, "ಮೊದಲನೆಯವನನ್ನೇ ಯಾಕೆ ಹಿಡಿಯಬೇಕು? ಯಾರನ್ನಾದರೂ ಚೀಟಿ ಎತ್ತಿ ಹಿಡಿಯಬಹುದಲ್ಲ" ಅಂದ.

ನನಗೆ ಮಾತು ಬರಲಿಲ್ಲ.

ಇದಕ್ಕೆ ಎರಡು ಪೀರಿಯಡ್ ಹೋಯಿತು, ಸಿಲಬಸ್ ಸ್ವಲ್ಪ ಹಿಂದೆ ಬಿದ್ದಿದೆ. ಶನಿವಾರ ಒಂದು ಕ್ಲಾಸ್ ಜಾಸ್ತಿ ತೆಗೆದುಕೊಳ್ಳುತ್ತೇನೆ. ಮುಂದಿನ ವಾರ ಕಂದ ಪದ್ಯ.

ಕೋಡು ಕೆಲಸ, ಬೆಂಗಳೂರು:

ಸರ್, ಹನ್ನೆರಡು ಪ್ರೋಗ್ರಾಂ ಯಾಕೆ ಅಂತ ಕೇಳಿದ್ದೆ. ಈ ಥರ ಆದರೆ ನಾನು ಬಂದು ಕೂರುತ್ತೇನೆ.

ನಾಲ್ಕನೇ ಸೆಮ್:

ಸರ್, ನಾನೂ ಮನೆಯಲ್ಲಿ ಮಾಡಿದೆ. ಜಾವಾದಲ್ಲಿ, ಜೋಡಿಸಿದ ಪಟ್ಟಿ, ಮೊದಲನೆಯದೇ ಪಿವಟ್. 5000ಕ್ಕೆ ಓಡಿತು. ಒಂದು ಲಕ್ಷ ಕೊಟ್ಟೆ. ನಿಧಾನ ಆಗುತ್ತದೆ ಅಂದುಕೊಂಡಿದ್ದೆ, ಆದರೆ ಸ್ಟ್ಯಾಕ್ ಓವರ್‌ಫ್ಲೋ ಅಂತ ನಿಂತೇ ಹೋಯಿತು. ಯಾಕೆ?

ಕೋಡು ಕೆಲಸ, ಬೆಂಗಳೂರು:

ಒಳ್ಳೆಯ ಪ್ರಶ್ನೆ ತಂಗಿ. ನಿನ್ನ ಫಂಕ್ಷನ್ ತನ್ನನ್ನೇ ಕರೆದಾಗ, ಹಳೆಯ ಕರೆ ಮುಗಿಯದೆ ಕಾಯುತ್ತಾ ಕೂರುತ್ತದೆ. ಅದಕ್ಕೆ ಸ್ಟ್ಯಾಕಿನಲ್ಲಿ ಜಾಗ ಬೇಕು. ಪ್ರತಿ ಸಲ ಒಂದೇ ಸಂಖ್ಯೆ ಕಡಿಮೆಯಾದರೆ, ಹೆಚ್ಚು ಕಡಿಮೆ ಒಂದು ಲಕ್ಷ ಕರೆ ಒಂದರ ಮೇಲೊಂದು ಕಾಯಬೇಕು. ಅಷ್ಟು ಜಾಗ ಅಲ್ಲಿಲ್ಲ. ಒಂದು ಕೆಲಸ ಮಾಡು. ಎರಡು ತುಂಡಿನಲ್ಲಿ ಚಿಕ್ಕದಕ್ಕೆ ಮಾತ್ರ ಫಂಕ್ಷನ್ ಕರೆ. ದೊಡ್ಡದನ್ನು ಅಲ್ಲೇ ಲೂಪಿನಲ್ಲಿ ಮುಂದುವರಿಸು. ಚಿಕ್ಕ ತುಂಡು ಯಾವಾಗಲೂ ಅರ್ಧ ಅಥವಾ ಅದಕ್ಕಿಂತ ಕಡಿಮೆ ಅಲ್ವಾ? ಒಂದು ಲಕ್ಷವನ್ನು ಅರ್ಧ ಮಾಡುತ್ತಾ ಹೋದರೆ ಎಷ್ಟು ಸಲ?

ನಾಲ್ಕನೇ ಸೆಮ್:

ಹದಿನಾರು, ಹದಿನೇಳು. ಅದಕ್ಕಿಂತ ಆಳ ಹೋಗುವುದೇ ಇಲ್ಲ!

ಬದಲಾಯಿಸಿ ಓಡಿಸಿದೆ ಅಣ್ಣ. ಬೀಳಲಿಲ್ಲ. ಆದರೆ ಮುಗಿಯಲು ಬಹಳ ಹೊತ್ತು ಬೇಕಾಯಿತು, ಹೋಲಿಕೆ ಎಣಿಸಿದರೆ 500 ಕೋಟಿಯ ಹತ್ತಿರ. ಆಮೇಲೆ ಹುಬ್ಬಳ್ಳಿಯ ತಕ್ಕಡಿ ಹುಡುಗ ಹೇಳಿದ ಹಾಗೆ ಪಿವಟ್ ಚೀಟಿ ಎತ್ತಿದೆ. ಎಂಟರ್ ಒತ್ತಿ ಕೈ ತೆಗೆಯುವ ಮೊದಲೇ ಉತ್ತರ ಬಂತು. ಗ್ರಾಫ್ ಹಾಕಿದ್ದೇನೆ, ಮೂರು ಗೆರೆ, ಮೂರೂ ನಾನೇ ಓಡಿಸಿ ಬರೆದುಕೊಂಡ ಸಮಯ. ನಾಳೆ ರೆಕಾರ್ಡಿಗೆ ಅಂಟಿಸುತ್ತೇನೆ.